ಮೂರನೆಯ ಎಲ್

ಮುಖ್ಯ ಕಚೇರಿಯಿಂದ ಲಕೋಟೆ ಬಂದದ್ದು ಮಂಗಳವಾರ.
ನಮ್ಮ ಪಂಗಡದ ಚರ್ಚುಗಳೆಲ್ಲ ರಸ್ತೆಗೆ ಕಾಣುವಂತೆ
ಹಾಕಬೇಕೆಂದು ಕೋರಿದ್ದು ಒಂದೇ ಸಾಲು:
ಎಲ್ಲರಿಗೂ ಸ್ವಾಗತ.
ಕೆಳಗೆ ಸಣ್ಣಕ್ಷರದಲ್ಲಿ, ಎಲ್ಲರೂ ಎಂದರೆ ಯಾರು ಯಾರು ಅಂತ:
ಗಂಡನ್ನು ಪ್ರೀತಿಸುವ ಗಂಡು, ಹೆಣ್ಣನ್ನು ಪ್ರೀತಿಸುವ ಹೆಣ್ಣು,
ಹುಟ್ಟಿದಾಗ ಇಟ್ಟ ಹೆಸರು ಮೈಗೊಗ್ಗದವರು,
ಕಾಗದಪತ್ರ ಇಲ್ಲದವರು, ನಂಬಿಕೆ ಅರ್ಧಕ್ಕೇ ನಿಂತವರು.
ಓದುತ್ತ ಓದುತ್ತ ಪಾದ್ರಿಯಮ್ಮ ಮಾರ್ಗಿಟ್
ಎರಡು ಸಲ ನೀರು ಕುಡಿದರು.

ಮತಕ್ಕೆ ಹಾಕಿದೆವು.
ಇಪ್ಪತ್ತಮೂರು, ಹತ್ತೊಂಬತ್ತು.
ಸೋತವರಲ್ಲಿ ಇಬ್ಬರು ಕೇಕ್ ಮುಟ್ಟದೆ ಎದ್ದು ಹೋದರು.
ಕೇಕ್ ಮಾಡಿದ್ದು ನಾನು.

ಫಲಕದ ಪ್ಲಾಸ್ಟಿಕ್ ಅಕ್ಷರಗಳ ಪೆಟ್ಟಿಗೆ
ಹನ್ನೆರಡು ವರ್ಷದಿಂದ ನನ್ನ ಪಾಲಿಗೆ.
ನೆಬ್ರಾಸ್ಕದ ಫೆಬ್ರವರಿ, ಜೋಳದ ಹೊಲದ ಮೇಲಿಂದ
ಅಡ್ಡಿಯೇ ಇಲ್ಲದೆ ಬರುವ ಗಾಳಿ.
'ಶುಕ್ರವಾರ ಮೀನೂಟ, ಎಂಟು ಡಾಲರ್' ಕಿತ್ತೆ,
ಒಂದೊಂದೇ, ಕೈಗವಸಿನಲ್ಲಿ.
ಏಣಿ ಹಿಡಿದು ಕೆಳಗೆ ನಿಂತವನು ವರ್ಲಿನ್.
ಬೇಡ ಎಂದು ಕೈಯೆತ್ತಿದ್ದವನು.
"ಮತ ನನ್ನದು, ಏಣಿಯೂ ನನ್ನದು," ಅಂದ,
"ನೀನು ಬಿದ್ದರೆ ಇನ್ಶೂರೆನ್ಸಿನವರು ನನ್ನನ್ನೇ ಕೇಳುತ್ತಾರೆ."

ಇಂಗ್ಲಿಷಿನ ಆ ಮೂರು ಪದಕ್ಕೆ ಮೂರು ಎಲ್ ಬೇಕು.
ಪೆಟ್ಟಿಗೆಯಲ್ಲಿದ್ದದ್ದು ಎರಡು.
'ಎಲ್ಲರೂ' ಅನ್ನುವಷ್ಟರಲ್ಲೇ ಎರಡೂ ಖರ್ಚು,
ಸ್ವಾಗತಕ್ಕೆ ಉಳಿಯಲಿಲ್ಲ.

"ಇದೆಲ್ಲ ಯಾಕೆ," ಕೆಳಗಿನಿಂದ ವರ್ಲಿನ್,
"ನಾವೇನು ಯಾರನ್ನಾದರೂ ಓಡಿಸಿದ್ದೇವಾ?"

ಇದೇ ಕಂಬದ ಪಕ್ಕ
ತೊಂಬತ್ತೊಂದರ ಜನವರಿಯಲ್ಲಿ ನೀಲಿ ಕಾರೊಂದು ನಿಂತಿತ್ತು.
ಚರ್ಚಿನೊಳಗೆ ನನ್ನ ತಮ್ಮ ಡ್ವೇನ್‌ನ ಶವಪೆಟ್ಟಿಗೆ,
ಅಮ್ಮ, ಬಿಳಿ ಹೂ, ಊರಿನವರ ಒದ್ದೆ ಬೂಟು.
ಕಾರಿನೊಳಗೆ ಕಾನ್ರಾಡ್, ಎಂಜಿನ್ ಆರಿಸದೆ.
ಹನ್ನೊಂದು ವರ್ಷ ಡ್ವೇನ್‌ನ ಜೊತೆ ಬಾಳಿದವನು,
ಕೊನೆಯ ಎಂಟು ತಿಂಗಳು
ಅವನ ಬಾಯಿಗೆ ಚಮಚ ಹಿಡಿದವನು.
ಬರಬೇಡ ಎಂದು ಅವನಿಗೆ ಯಾರೂ ಹೇಳಲಿಲ್ಲ.
ನಮ್ಮೂರಲ್ಲಿ ಯಾರೂ ಯಾರಿಗೂ ಬರಬೇಡ ಅನ್ನುವುದಿಲ್ಲ.
ಬಾ ಅನ್ನಲಿಲ್ಲ,
ಅಷ್ಟೆ.

ನಾನು ಕಾಫಿ ಹಿಡಿದು ಬಾಗಿಲವರೆಗೆ ಹೋದೆ.
ಗಾಜಿನಾಚೆ ಕಾರಿನ ಹೊಗೆ ಬೆಳ್ಳಗೆ ಏರುತ್ತಿತ್ತು,
ಪ್ರಾರ್ಥನೆ ಅಲ್ಲೇ ನಡೆಯುತ್ತಿದೆಯೇನೋ ಎಂಬಂತೆ.
ಅಮ್ಮ ತಿರುಗಿ ನೋಡಿದಳು.
ಕಾಫಿ ನಾನೇ ಕುಡಿದೆ.

ಇದನ್ನೆಲ್ಲ ವರ್ಲಿನ್‌ಗೆ ಹೇಳಲಿಲ್ಲ.
ಆ ದಿನ ಪೆಟ್ಟಿಗೆಗೆ ಹೆಗಲು ಕೊಟ್ಟ ಆರು ಜನರಲ್ಲಿ ಅವನೂ ಒಬ್ಬ.
"ಮನಸ್ಸಿನೊಳಗಿನ ಬೋರ್ಡು ರಸ್ತೆಗೆ ಕಾಣುವುದಿಲ್ಲ," ಅಂದೆ.
ಅವನು ಬಹಳ ಹೊತ್ತು ಏಣಿಯ ಕಾಲನ್ನೇ ನೋಡಿದ.
ಆಮೇಲೆ ಅಂಕಿಗಳ ಡಬ್ಬಿ ಕೆದಕಿ
ಒಂದು ಏಳನ್ನು ಮೇಲಕ್ಕೆ ಚಾಚಿದ:
"ತಲೆಕೆಳಗು ಮಾಡಿ ಹಾಕು."

ಹಾಕಿದೆ. ತುಸು ಓರೆ,
ಕುಂಟುತ್ತ ಬಂದು ಸಾಲಿಗೆ ಸೇರಿಕೊಂಡವನ ಹಾಗೆ.

ಭಾನುವಾರ ಲೆಕ್ಕ ಹಾಕಿದರೆ ಮೂವತ್ತೆಂಟು ಜನ.
ಹೊಸಬರು ಯಾರೂ ಇಲ್ಲ.
ಗೋಧಿ ಗೋದಾಮಿನ ಕಡೆಯಿಂದ ಬಂದ ಒಂದು ಟ್ರಕ್ಕು
ಫಲಕದೆದುರು ನಿಧಾನಿಸಿತು, ಹೋಯಿತು.
ನಿಧಾನಿಸಿತು ಎಂಬುದನ್ನು ನಾನು ಬರೆದಿಟ್ಟಿದ್ದೇನೆ.
ಕಾನ್ರಾಡ್ ಬದುಕಿದ್ದಾನೋ ಇಲ್ಲವೋ,
ಬದುಕಿದ್ದರೆ ಎಪ್ಪತ್ತೆಂಟು.

ಸೋಮವಾರ ಬೆಳಿಗ್ಗೆ ನೋಡಿದರೆ ಅದು ಕೆಳಗೆ,
ಹಿಮದಲ್ಲಿ ಅಂಗಾತ. ಗಾಳಿಯೋ, ಯಾರ ಕೈಯೋ.
ಬಾಗಿದೆ, ಮಂಡಿ ನೋಯುತ್ತದೆ ಈಗೀಗ.
ಏಳೇ, ಏಳು, ಅಂದೆ.
ಏಣಿ ಅಲ್ಲೇ ಗೋಡೆಗೆ ಒರಗಿತ್ತು.
ಮನೆಗೆ ಒಯ್ಯಲು ಮರೆತನಂತೆ ವರ್ಲಿನ್,
ಸ್ವಂತ ಸುತ್ತಿಗೆಗೂ ಹೆಸರು ಬರೆದಿಡುವವನು.